ಹಾವಸೆ ತೋರಿಸಿದ ಕ್ಯಾಡ್ಮಿಯಂ: ಪೋರ್ಟ್‌ಲ್ಯಾಂಡ್‌ನ ಬಣ್ಣದ ಗಾಜಿನ ಪ್ರಕರಣ

ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ 2016ರ ಫೆಬ್ರವರಿ ಆರಂಭದಲ್ಲಿ ಒಂದು ಮಾಪನದ ಫಲಿತಾಂಶ ಹೊರಬಿತ್ತು. ಮನೆಗಳ ನಡುವೆಯೇ ಇದ್ದ ಬಣ್ಣದ ಗಾಜಿನ ಕಾರ್ಖಾನೆಯೊಂದರ ಬಳಿ ಗಾಳಿಯಲ್ಲಿದ್ದ ಕ್ಯಾಡ್ಮಿಯಂ, ರಾಜ್ಯವು ನಿಗದಿಪಡಿಸಿಕೊಂಡಿದ್ದ ಆರೋಗ್ಯ ಮಾನದಂಡದ 49 ಪಟ್ಟು ಇತ್ತು. ಆರ್ಸೆನಿಕ್ 159 ಪಟ್ಟು ಇತ್ತು. ಕಾರ್ಖಾನೆ ಕದ್ದುಮುಚ್ಚಿ ನಡೆಯುತ್ತಿದ್ದದ್ದಲ್ಲ, ದಶಕಗಳಿಂದ ಅದೇ ಜಾಗದಲ್ಲಿ ಎಲ್ಲರಿಗೂ ಗೊತ್ತಿದ್ದಂತೆ ಕೆಲಸ ಮಾಡುತ್ತಿತ್ತು. ನಗರದಲ್ಲಿ ವಾಯು ಮಾಪನ ಕೇಂದ್ರಗಳಿದ್ದವು, ಯಾವ ಕಾರ್ಖಾನೆ ಏನನ್ನು ಎಷ್ಟು ಹೊರಸೂಸುತ್ತದೆ ಎಂಬ ಲೆಕ್ಕವಿತ್ತು, ಆ ಲೆಕ್ಕದಿಂದ ಎಲ್ಲಿ ಎಷ್ಟು ಮಾಲಿನ್ಯವಿರಬಹುದು ಎಂದು ಗಣಿಸಿ ಹೇಳುವ ಮಾಡೆಲ್‌ಗಳೂ ಇದ್ದವು. ಇಷ್ಟೆಲ್ಲ ಇದ್ದೂ ಕಾರ್ಖಾನೆಯತ್ತ ಮೊದಲು ಬೆರಳು ತೋರಿಸಿದ್ದು ಯಂತ್ರವಲ್ಲ, ಮರದ ಕಾಂಡದ ಮೇಲೆ ಬೆಳೆದಿದ್ದ ಹಾವಸೆ.

ವಾಯು ಗುಣಮಟ್ಟದ ಮೌಲ್ಯಮಾಪನವನ್ನು ವೃತ್ತಿಯಾಗಿ ಮಾಡುವವರಿಗೆ ಈ ಪ್ರಕರಣ ಮುಖ್ಯವಾಗುವುದು ಮಾಲಿನ್ಯದ ಪ್ರಮಾಣ ದೊಡ್ಡದಿತ್ತು ಎಂಬ ಕಾರಣಕ್ಕಲ್ಲ. ಒಂದನ್ನೊಂದು ತಾಳೆ ನೋಡಬೇಕಾದ ಮೂರು ಸಾಧನಗಳು ಒಂದೇ ಕುರುಡುತನವನ್ನು ಹಂಚಿಕೊಂಡರೆ ಏನಾಗುತ್ತದೆ ಎಂಬುದನ್ನು ಇದು ಹಂತ ಹಂತವಾಗಿ ತೋರಿಸುತ್ತದೆ.

ಕುಲುಮೆ ಮತ್ತು ಕಾಗದ

ಗಾಜಿಗೆ ಕೆಂಪು, ಕಿತ್ತಳೆ, ಹಳದಿ ಬಣ್ಣ ಕೊಡಲು ಕ್ಯಾಡ್ಮಿಯಂ ಸಂಯುಕ್ತಗಳನ್ನೂ, ಹಸಿರಿಗೆ ಕ್ರೋಮಿಯಂ ಅನ್ನೂ, ಕರಗಿದ ಗಾಜಿನಲ್ಲಿ ಉಳಿಯುವ ಗುಳ್ಳೆಗಳನ್ನು ಹೊರಹಾಕಲು ಆರ್ಸೆನಿಕ್ ಅನ್ನೂ ಬಳಸುವುದು ಹಳೆಯ ಪದ್ಧತಿ. ಕುಲುಮೆಯ ಶಾಖಕ್ಕೆ ಇವುಗಳಲ್ಲಿ ಒಂದು ಪಾಲು ಆವಿಯಾಗಿ, ತಣ್ಣಗಾಗುವಾಗ ಅತಿಸೂಕ್ಷ್ಮ ಕಣಗಳಾಗಿ ಹೊರಗೆ ಬರುತ್ತದೆ. ಹೊಗೆಕೊಳವೆಗೆ ಶೋಧಕವಿಲ್ಲದಿದ್ದರೆ ಅದು ನೇರವಾಗಿ ನೆರೆಹೊರೆಗೆ ಸೇರುತ್ತದೆ. ದೊಡ್ಡ ಗಾಜಿನ ಕಾರ್ಖಾನೆಗಳ ಕುಲುಮೆ ಹಗಲುರಾತ್ರಿ ನಿರಂತರವಾಗಿ ಉರಿಯುತ್ತದೆ. ಕಲಾತ್ಮಕ ಬಣ್ಣದ ಗಾಜು ಮಾಡುವವರು ಒಂದೊಂದು ಬಣ್ಣಕ್ಕೆ ಒಂದೊಂದು ಘಾಣದಂತೆ (ಒಮ್ಮೆಗೆ ಕರಗಿಸುವ ಪಾಲು) ಸಣ್ಣ ಕುಲುಮೆಗಳಲ್ಲಿ ಕರಗಿಸುತ್ತಾರೆ. ಗಾಜಿನ ಕಾರ್ಖಾನೆಗಳ ವಿಷಕಾರಿ ಲೋಹಗಳ ಮೇಲಿದ್ದ ಕೇಂದ್ರ ಸರ್ಕಾರದ ನಿಯಮ ನಿರಂತರ ಕುಲುಮೆಗಳಿಗಷ್ಟೇ ಅನ್ವಯಿಸುತ್ತದೆ ಎಂದು ಆಗ ಎಲ್ಲರೂ ಓದಿಕೊಂಡಿದ್ದರು. ಹೀಗಾಗಿ ಘಾಣದ ಕುಲುಮೆಗಳು ಆ ನಿಯಮದ ಹೊರಗೆ ಉಳಿದವು, ಅವುಗಳ ಹೊಗೆಯಲ್ಲಿ ಯಾವ ಲೋಹ ಎಷ್ಟಿದೆ ಎಂದು ಕೇಳುವ ಕಾಗದವೂ ಇರಲಿಲ್ಲ.

ಮುಂದಿನದೆಲ್ಲವೂ ಈ ಒಂದು ಬಿಟ್ಟುಹೋದ ಸಾಲಿನಿಂದ ಹರಿದು ಬಂದಿತು. ಹೊರಸೂಸುವಿಕೆಯ ಪಟ್ಟಿಯಲ್ಲಿ ಕಾರ್ಖಾನೆಯ ಹೆಸರಿನ ಮುಂದೆ ಕ್ಯಾಡ್ಮಿಯಂ ಇಲ್ಲ. ಪಟ್ಟಿಯನ್ನೇ ಉಣ್ಣುವ ಮಾಡೆಲ್‌ನ ನಕ್ಷೆಯಲ್ಲಿ ಆ ಬೀದಿ ಸ್ವಚ್ಛವಾಗಿ ಕಾಣುತ್ತದೆ. ಮಾಡೆಲ್ ಸ್ವಚ್ಛವೆಂದ ಕಡೆ ಲೋಹ ಅಳೆಯುವ ದುಬಾರಿ ಕೇಂದ್ರವನ್ನು ಯಾರೂ ಹಾಕುವುದಿಲ್ಲ. ಅಳೆಯದ್ದರಿಂದ ಪಟ್ಟಿಯನ್ನು ತಿದ್ದುವ ಸಂದರ್ಭವೂ ಬರುವುದಿಲ್ಲ. ನಗರದ ಗಾಳಿಯಲ್ಲಿ ಕ್ಯಾಡ್ಮಿಯಂ ನಿರೀಕ್ಷೆಗಿಂತ ಹೆಚ್ಚಿದೆ, ಅದರ ಮೂಲ ಸರಿಯಾಗಿ ಗೊತ್ತಾಗುತ್ತಿಲ್ಲ ಎಂಬ ಸುಳಿವು ರಾಜ್ಯದ ಪರಿಸರ ಗುಣಮಟ್ಟ ಇಲಾಖೆಗೆ ಮೊದಲೇ ಸಿಕ್ಕಿತ್ತು. ಮಾಪನಕ್ಕೂ ಮಾಡೆಲ್‌ಗೂ ಹೊಂದಿಕೆಯಾಗದಿದ್ದಾಗ ಮಾಡೆಲ್‌ನ ದೋಷಾಂಶವನ್ನು ಸರಿಪಡಿಸುವ ಗುಣಕವೊಂದನ್ನು ಹಾಕಿ ಮುಂದೆ ಹೋಗುವ ಅಭ್ಯಾಸ ಈ ವೃತ್ತಿಯಲ್ಲಿ ಎಲ್ಲೆಡೆ ಇದೆ. ವ್ಯತ್ಯಾಸ ಯಾವ ಲೋಹದಲ್ಲಿ, ಯಾವ ದಿಕ್ಕಿನ ಗಾಳಿಯಲ್ಲಿ, ಯಾವ ದಿನಗಳಲ್ಲಿ ಹೆಚ್ಚುತ್ತದೆ ಎಂದು ಬಿಡಿಸಿ ನೋಡುವ ಮೊದಲೇ ಗುಣಕ ಹಾಕುವುದು ಸಾಕ್ಷಿಯನ್ನೇ ಅಳಿಸಿದಂತೆ.

ಪ್ರತಿದಿನ ಪ್ರಕಟವಾಗುವ ವಾಯು ಗುಣಮಟ್ಟ ಸೂಚ್ಯಂಕವೂ ಇಲ್ಲಿ ಏನೂ ಹೇಳುವಂತಿರಲಿಲ್ಲ. ಅಮೆರಿಕದ ಸೂಚ್ಯಂಕ ಓಝೋನ್, ಕಣಗಳು, ಕಾರ್ಬನ್ ಮಾನಾಕ್ಸೈಡ್, ಗಂಧಕದ ಡೈಆಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್ ಇವುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಕಾರ್ಖಾನೆಯ ಬಳಿ ಕೊನೆಗೆ ಸಿಕ್ಕ ಕ್ಯಾಡ್ಮಿಯಂ ಪ್ರತಿ ಘನ ಮೀಟರಿಗೆ 29.4 ನ್ಯಾನೊಗ್ರಾಂ, ಅಂದರೆ ಸುಮಾರು 0.03 ಮೈಕ್ರೋಗ್ರಾಂ. ಆಗ ಜಾರಿಯಲ್ಲಿದ್ದ ಸೂಕ್ಷ್ಮಕಣದ ವಾರ್ಷಿಕ ಮಿತಿ 12 ಮೈಕ್ರೋಗ್ರಾಂ. ಒಟ್ಟು ಕಣದ ತೂಕ ನೋಡುವ ಯಂತ್ರಕ್ಕೆ ಈ 0.03 ಕಾಣಿಸುವುದೇ ಇಲ್ಲ. ಸೂಚ್ಯಂಕದಲ್ಲಿ ಹಸಿರು ಬಣ್ಣ ಕಂಡ ದಿನವೂ ಆ ಬೀದಿಯ ಗಾಳಿಯಲ್ಲಿ ಈ ಲೋಹ ಇದ್ದಿರಬಹುದು, ಮತ್ತು ಎರಡೂ ಮಾಹಿತಿ ಏಕಕಾಲಕ್ಕೆ ನಿಜವಾಗಿರಬಹುದು.

346 ಹಿಡಿ ಹಾವಸೆ

2013ರ ಡಿಸೆಂಬರ್‌ನಲ್ಲಿ ಅಮೆರಿಕದ ಅರಣ್ಯ ಸೇವೆಯ ಸಂಶೋಧಕರು ನಗರದಾದ್ಯಂತ ಎಲೆ ಉದುರಿಸುವ ಮರಗಳಿಂದ ಆರ್ಥೋಟ್ರೈಕಂ ಲಯೆಲ್ಲಿ ಎಂಬ ಒಂದೇ ಜಾತಿಯ ಹಾವಸೆಯ 346 ಮಾದರಿಗಳನ್ನು ಸಂಗ್ರಹಿಸಿದರು. ಈ ಸಸ್ಯಕ್ಕೆ ನಿಜವಾದ ಬೇರಿಲ್ಲ. ನೀರನ್ನೂ ಪೋಷಕಾಂಶವನ್ನೂ ಅದು ಮಳೆ, ಮಂಜು, ಧೂಳಿನಿಂದಲೇ ಹೀರಿಕೊಳ್ಳುವುದರಿಂದ ಗಾಳಿಯಲ್ಲಿ ಬಂದ ಲೋಹ ಅದರಲ್ಲಿ ಕೂಡಿಕೊಳ್ಳುತ್ತಾ ಹೋಗುತ್ತದೆ. ಕಾಂಡದಿಂದ ಕಿತ್ತು, ಒಣಗಿಸಿ, ಪ್ರಯೋಗಾಲಯಕ್ಕೆ ಕಳಿಸಿದರೆ ಪ್ರತಿ ಕಿಲೋಗ್ರಾಂ ಒಣ ತೂಕಕ್ಕೆ ಎಷ್ಟು ಮಿಲಿಗ್ರಾಂ ಲೋಹವಿದೆ ಎಂದು ತಿಳಿಯುತ್ತದೆ. ವಿದ್ಯುತ್ ಬೇಡ, ಬೇಲಿ ಬೇಡ, ಅನುಮತಿಯ ತಾಪತ್ರಯ ಕಡಿಮೆ.

ಆದರೆ ಈ ಅಧ್ಯಯನದ ಬಲ ಅಗ್ಗದಲ್ಲಿರಲಿಲ್ಲ, ವಿನ್ಯಾಸದಲ್ಲಿತ್ತು. ಸಂಗ್ರಹಿಸುವ ಜಾಗಗಳನ್ನು ಯಾದೃಚ್ಛಿಕ ಚೌಕಳಿಯ ಮೇಲೆ ಆರಿಸಲಾಗಿತ್ತು. ಯಾವ ಕಾರ್ಖಾನೆಯ ಮೇಲೆ ಅನುಮಾನವಿದೆ, ಯಾವ ರಸ್ತೆ ಕೊಳಕು ಎಂಬ ಮುಂಚಿನ ಅಭಿಪ್ರಾಯಕ್ಕೆ ಅಲ್ಲಿ ಎಡೆ ಇರಲಿಲ್ಲ. ಅನುಮಾನವಿದ್ದ ಕಡೆಗಷ್ಟೇ ಹೋಗಿದ್ದರೆ ಅನುಮಾನ ಪಟ್ಟವೇ ಸಿಗುತ್ತಿದ್ದವು. ಬಣ್ಣದ ಗಾಜಿನ ಕಾರ್ಖಾನೆಗಳು ನಿಯಂತ್ರಕರ ದೃಷ್ಟಿಯಲ್ಲಿ ಕ್ಯಾಡ್ಮಿಯಂ ಹೊರಸೂಸುವವುಗಳೇ ಆಗಿರಲಿಲ್ಲವಾದ್ದರಿಂದ ಅವುಗಳ ಬಾಗಿಲಿಗೆ ಯಾರೂ ಹೋಗುತ್ತಿರಲಿಲ್ಲ. ಒಂದೇ ಜಾತಿಯ ಹಾವಸೆ, ಒಂದೇ ಋತು, ಒಂದೇ ಬಗೆಯ ಮರ ಎಂಬ ಶಿಸ್ತು ಕೂಡ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಜಾತಿ ಬದಲಾದರೆ ಹೀರುವ ಗುಣವೂ ಬದಲಾಗುತ್ತದೆ.

ಮಾದರಿಗಳ ಫಲಿತಾಂಶವನ್ನು ಅವರು ಸಂಖ್ಯಾಶಾಸ್ತ್ರೀಯ ಮಾಡೆಲ್ ಒಂದಕ್ಕೆ ಸೇರಿಸಿ ಇಡೀ ನಗರಕ್ಕೆ 50 ಮೀಟರ್ ಚೌಕಳಿಯ ನಕ್ಷೆ ಬರೆದರು. ಎರಡು ಬಣ್ಣದ ಗಾಜಿನ ಕಾರ್ಖಾನೆಗಳ ಸುತ್ತ ಕ್ಯಾಡ್ಮಿಯಂ ಮಟ್ಟ ಎದ್ದು ಕಾಣುವಷ್ಟು ಏರಿತ್ತು. ಸುತ್ತಲಿನ 500 ಮೀಟರಿನಲ್ಲಿ ಕೈಗಾರಿಕಾ ಭೂಮಿ ಹೆಚ್ಚಿದ್ದಲ್ಲಿ ಲೋಹ ಹೆಚ್ಚು, ವಸತಿ ಭೂಮಿ ಹೆಚ್ಚಿದ್ದಲ್ಲಿ ಕಡಿಮೆ ಎಂಬ ಸಾಮಾನ್ಯ ಒಲವೂ ಕಂಡಿತು. ಅಂಥ ಒಲವು ಎಲ್ಲ ಊರಿನಲ್ಲೂ ಕಾಣುತ್ತದೆ. ಆ ಒಲವಿನಿಂದ ವಿವರಿಸಲಾಗದ ಎರಡು ಬಿಂದುಗಳೇ ಇಲ್ಲಿ ಸುದ್ದಿ.

ಹಾವಸೆ ಏನು ಹೇಳುವುದಿಲ್ಲ ಎಂಬುದನ್ನೂ ಬರೆಯಬೇಕು. ಅದರಲ್ಲಿರುವ ಲೋಹ ಕಳೆದ ವಾರದ್ದೋ ಕಳೆದ ಎರಡು ವರ್ಷದ್ದೋ ಗೊತ್ತಾಗುವುದಿಲ್ಲ. ಕಿಲೋಗ್ರಾಂ ಹಾವಸೆಗೆ ಇಂತಿಷ್ಟು ಮಿಲಿಗ್ರಾಂ ಎಂಬ ಸಂಖ್ಯೆಯನ್ನು ಘನ ಮೀಟರ್ ಗಾಳಿಗೆ ಇಂತಿಷ್ಟು ನ್ಯಾನೊಗ್ರಾಂ ಎಂದು ಬದಲಿಸಿ ಆರೋಗ್ಯ ಮಾನದಂಡದ ಪಕ್ಕ ಇಡಲು ಬರುವುದಿಲ್ಲ. ಕಾನೂನಿನ ಕ್ರಮಕ್ಕೂ ಅದು ಆಧಾರವಾಗದು. ಎಲ್ಲಿ ಅಳೆಯಬೇಕು ಎಂಬ ಪ್ರಶ್ನೆಗೆ ಮಾತ್ರ ಅದು ಉತ್ತರ ಕೊಡುತ್ತದೆ. ಅಗ್ಗದ ಸೆನ್ಸರ್‌ಗಳನ್ನು ಬೀದಿಬೀದಿಗೆ ಕಟ್ಟುವ ಇಂದಿನ ಉತ್ಸಾಹಕ್ಕೂ ಇದೇ ಮಾತು ಅನ್ವಯಿಸುತ್ತದೆ: ಶೋಧನೆಗೆ ಬಂದ ಸಾಧನವನ್ನು ತೀರ್ಪಿಗೆ ಬಳಸಬಾರದು, ತೀರ್ಪಿಗೆ ಬಾರದು ಎಂಬ ಕಾರಣಕ್ಕೆ ಅದರ ಸುಳಿವನ್ನು ಕಡೆಗಣಿಸಲೂಬಾರದು.

120 ಮೀಟರ್ ದೂರದಲ್ಲಿ

ಹಾವಸೆಯ ಸುಳಿವಿನ ಮೇಲೆ ಇಲಾಖೆಯು 2015ರ ಅಕ್ಟೋಬರ್‌ನಲ್ಲಿ ಎರಡು ಕಾರ್ಖಾನೆಗಳ ಪೈಕಿ ದೊಡ್ಡದರಿಂದ 120 ಮೀಟರ್ ದೂರದಲ್ಲಿ ಮಾಪನ ಯಂತ್ರವನ್ನು ಇಟ್ಟಿತು. ಈ ದೂರದ ಬಗ್ಗೆ ಸ್ವಲ್ಪ ನಿಲ್ಲಬೇಕು. ಅಮೆರಿಕದ ಮಾಪನ ನಿಯಮಗಳು ಕೇಂದ್ರವೊಂದು ಎಷ್ಟು ವಿಸ್ತಾರದ ಗಾಳಿಯನ್ನು ಪ್ರತಿನಿಧಿಸುತ್ತದೆ ಎಂಬುದರ ಮೇಲೆ ಅದನ್ನು ವರ್ಗೀಕರಿಸುತ್ತವೆ: ಸುಮಾರು 100 ಮೀಟರ್ ಒಳಗಿನದು ಸೂಕ್ಷ್ಮ ವ್ಯಾಪ್ತಿ, 100ರಿಂದ 500 ಮೀಟರ್ ಮಧ್ಯಮ ವ್ಯಾಪ್ತಿ, ಅರ್ಧದಿಂದ 4 ಕಿಲೋಮೀಟರ್ ನೆರೆಹೊರೆಯ ವ್ಯಾಪ್ತಿ, ಅದಕ್ಕೂ ಮೇಲೆ ನಗರ ವ್ಯಾಪ್ತಿ. ನಗರ ವ್ಯಾಪ್ತಿಯ ಕೇಂದ್ರವು ಯಾವುದೇ ಒಂದು ಮೂಲದ ಪ್ರಭಾವಕ್ಕೆ ಸಿಗದಂತೆ ಕೂತಿರುತ್ತದೆ, ಅದರ ಕೆಲಸವೇ ಅದು. ಸಣ್ಣ ಹೊಗೆಕೊಳವೆಯ ಹೊಗೆ ನೂರಾರು ಮೀಟರಿನಲ್ಲೇ ತೆಳುವಾಗುವುದರಿಂದ, ಅಂಥ ಕೇಂದ್ರ ಅದನ್ನು ಹಿಡಿಯಲಿಲ್ಲವೆಂದರೆ ಕೇಂದ್ರ ಕೆಟ್ಟಿದೆ ಎಂದಲ್ಲ, ಅದಕ್ಕೆ ಕೇಳಬಾರದ ಪ್ರಶ್ನೆ ಕೇಳಿದ್ದೇವೆ ಎಂದರ್ಥ. ವರದಿಗಳಲ್ಲಿ ಕೇಂದ್ರದ ಅಕ್ಷಾಂಶ ರೇಖಾಂಶ ತಪ್ಪದೆ ಇರುತ್ತವೆ, ಅದು ಎಷ್ಟು ದೂರದ ಗಾಳಿಯ ಪರವಾಗಿ ಮಾತಾಡುತ್ತದೆ ಎಂಬ ಸಾಲು ಮಾತ್ರ ಹೆಚ್ಚಿನ ಕಡೆ ಕಾಣೆಯಾಗಿರುತ್ತದೆ.

ಲೋಹಗಳ ಮಾಪನ ತಕ್ಷಣ ಸಂಖ್ಯೆ ಕೊಡುವ ಬಗೆಯದಲ್ಲ. ಯಂತ್ರವು ಗೊತ್ತಾದ ಪ್ರಮಾಣದ ಗಾಳಿಯನ್ನು ದಿನವಿಡೀ ಶೋಧಕ ಹಾಳೆಯ ಮೂಲಕ ಎಳೆಯುತ್ತದೆ. ಹಾಳೆಯನ್ನು ಪ್ರಯೋಗಾಲಯದಲ್ಲಿ ಆಮ್ಲದಲ್ಲಿ ಕರಗಿಸಿ, ದ್ರವ್ಯರಾಶಿ ರೋಹಿತಮಾಪಕದಲ್ಲಿ ಒಂದೊಂದು ಲೋಹವನ್ನೂ ಎಣಿಸುತ್ತಾರೆ. ಈ ಸರಣಿಯಲ್ಲಿ ಸಂಖ್ಯೆ ಹಾಳಾಗುವ ಜಾಗಗಳು ಬಹಳ. ಗಾಳಿಯ ಹರಿವಿನ ವೇಗ ಆರಂಭದಲ್ಲಿ, ಕೊನೆಯಲ್ಲಿ ಎಷ್ಟಿತ್ತು ಎಂಬ ದಾಖಲೆ ತಪ್ಪಿದರೆ ಘನ ಮೀಟರಿನ ಲೆಕ್ಕವೇ ತಪ್ಪುತ್ತದೆ. ಹೊಸ ಹಾಳೆಯಲ್ಲೇ ಸ್ವಲ್ಪ ಲೋಹ ಇರಬಹುದು. ಆದ್ದರಿಂದ ಗಾಳಿ ಎಳೆಯದೆ, ಜಾಗಕ್ಕೆ ಒಯ್ದು ಯಂತ್ರಕ್ಕೆ ಹಾಕಿ ತೆಗೆದ ಖಾಲಿ ಹಾಳೆಗಳನ್ನೂ ಅದೇ ಪ್ರಯೋಗಾಲಯಕ್ಕೆ ಗುರುತು ಹೇಳದೆ ಕಳಿಸಬೇಕು. ಹಾಳೆ ಯಾರ ಕೈಯಿಂದ ಯಾರ ಕೈಗೆ, ಯಾವ ಹೊತ್ತಿಗೆ ಹೋಯಿತು ಎಂಬ ಚೀಟಿ ಜೊತೆಗಿರಬೇಕು. ಪತ್ತೆಯ ಕನಿಷ್ಠ ಮಿತಿಗಿಂತ ಕೆಳಗೆ ಬಂದ ಫಲಿತಾಂಶವನ್ನು ಸೊನ್ನೆ ಎಂದು ಬರೆಯುವುದು ಸುಲಭವಾದರೂ ತಪ್ಪು. ಕ್ಯಾಡ್ಮಿಯಂಗೆ 0.6 ನ್ಯಾನೊಗ್ರಾಂ ಮಾನದಂಡವಿರುವಾಗ ವಿಧಾನದ ಪತ್ತೆಮಿತಿ 1 ನ್ಯಾನೊಗ್ರಾಂ ಇದ್ದರೆ, ಏನೂ ಕಂಡಿಲ್ಲ ಎಂಬ ವರದಿಗೆ ಯಾವ ಬೆಲೆಯೂ ಇಲ್ಲ.

ಎಷ್ಟು ದಿನಕ್ಕೊಮ್ಮೆ ಅಳೆಯಬೇಕು ಎಂಬುದೂ ಇಲ್ಲಿ ನಿರ್ಣಾಯಕ. ಗಾಳಿಯ ವಿಷವಸ್ತುಗಳಿಗೆ ಅಮೆರಿಕದ ರಾಷ್ಟ್ರೀಯ ಜಾಲದಲ್ಲಿ ಆರು ದಿನಕ್ಕೊಮ್ಮೆ 24 ಗಂಟೆಯ ಮಾದರಿ ತೆಗೆಯುವ ರೂಢಿ ಇದೆ. ಪ್ರತಿ ಬಾರಿ ವಾರದ ಬೇರೆ ದಿನ ಬರುತ್ತದೆ, ವರ್ಷಕ್ಕೆ ಸುಮಾರು 61 ಮಾದರಿಗಳಾಗುತ್ತವೆ, ವಾರ್ಷಿಕ ಸರಾಸರಿಗೆ ಇದು ಒಳ್ಳೆಯ ಕ್ರಮ. ಆದರೆ ಘಾಣದ ಲೆಕ್ಕದಲ್ಲಿ ಕೆಲಸ ಮಾಡುವ ಕುಲುಮೆಯ ಪಕ್ಕದಲ್ಲಿ ಒಂದೇ ತಿಂಗಳು ಹೀಗೆ ಅಳೆದರೆ ಕೈಗೆ ಬರುವುದು ಐದು ದಿನ. ಆ ಐದೂ ದಿನ ಕುಲುಮೆಯಲ್ಲಿ ನೀಲಿ ಗಾಜೇ ಇದ್ದರೆ ಕ್ಯಾಡ್ಮಿಯಂ ಶೂನ್ಯಕ್ಕೆ ಹತ್ತಿರ ಬರುತ್ತದೆ. ಆದ್ದರಿಂದ ಇಂಥ ಕಡೆ ಅಲ್ಪಾವಧಿಯ ಮಾಪನವೆಂದರೆ ಹತ್ತಿರ ಹತ್ತಿರ ದಿನಗಳ ಮಾಪನವಾಗಿರಬೇಕು. ಕಾರ್ಖಾನೆ ಯಾವ ದಿನ ಯಾವ ಲೋಹವನ್ನು ಎಷ್ಟು ಕಿಲೋ ಸುರಿಯಿತು ಎಂಬ ದಾಖಲೆ ಮತ್ತು ಸ್ಥಳದಲ್ಲೇ ದಾಖಲಾದ ಗಾಳಿಯ ದಿಕ್ಕು ಪಕ್ಕದಲ್ಲಿರಬೇಕು. ಇವಿಲ್ಲದೆ ಸರಾಸರಿ ಒಂದು ಅಂಕಿಯಷ್ಟೇ, ಮೂಲದ ಪುರಾವೆಯಲ್ಲ.

ಅಕ್ಟೋಬರ್ ತಿಂಗಳ ಸರಾಸರಿ ಕ್ಯಾಡ್ಮಿಯಂ 29.4 ನ್ಯಾನೊಗ್ರಾಂ ಬಂದಿತು, ಆರ್ಸೆನಿಕ್ 31.7. ಕ್ಯಾಡ್ಮಿಯಂ ಹುಡುಕಿ ಹೋದವರಿಗೆ ಆರ್ಸೆನಿಕ್ ಸಿಕ್ಕಿದ್ದು ಅದೃಷ್ಟವಲ್ಲ. ಒಂದೇ ಹಾಳೆಯಿಂದ ಎಲ್ಲ ಲೋಹಗಳನ್ನೂ ಎಣಿಸುವ ವಿಧಾನ ಆರಿಸಿದ್ದರ ಫಲ ಅದು. ಅನುಮಾನವಿದ್ದ ಒಂದೇ ವಸ್ತುವಿಗೆ ಪರೀಕ್ಷೆ ಬರೆದು ಹಣ ಉಳಿಸುವವರು ಈ ಸಾಲನ್ನು ಗಮನಿಸಬಹುದು.

49 ಪಟ್ಟು ಎಂದರೆ

ಜನರನ್ನು ತಟ್ಟಿದ್ದು ಈ ಗುಣಿತಗಳೇ. ಅವುಗಳ ಹಿಂದೆ ಇರುವ, ಕ್ಯಾಡ್ಮಿಯಂಗೆ 0.6 ಮತ್ತು ಆರ್ಸೆನಿಕ್‌ಗೆ 0.2 ನ್ಯಾನೊಗ್ರಾಂ ಎಂಬ ಮಾನದಂಡಗಳು ಕಾನೂನಿನ ಮಿತಿಗಳಾಗಿರಲಿಲ್ಲ. ಆ ಮಟ್ಟದ ಗಾಳಿಯನ್ನು ಜೀವಮಾನವಿಡೀ ಉಸಿರಾಡಿದರೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಕ್ಯಾನ್ಸರ್ ಬರಬಹುದು ಎಂಬ ಲೆಕ್ಕದಿಂದ ಹುಟ್ಟಿದ ಗುರಿಗಳು ಅವು. ಆರ್ಸೆನಿಕ್‌ನ ಮಾನದಂಡವಂತೂ ಎಷ್ಟು ಕೆಳಗಿದೆಯೆಂದರೆ ಯಾವ ಕಾರ್ಖಾನೆಯೂ ಇಲ್ಲದ ಸಾಮಾನ್ಯ ನಗರದ ಗಾಳಿಯೇ ಅನೇಕ ಕಡೆ ಅದನ್ನು ಮೀರುತ್ತದೆ. ಒಂದು ತಿಂಗಳ ಸರಾಸರಿಯನ್ನು ಎಪ್ಪತ್ತು ವರ್ಷದ ಮಾನದಂಡದ ಪಕ್ಕ ಇಟ್ಟು ಪಟ್ಟು ಲೆಕ್ಕ ಹೇಳಿದರೆ ಓದುಗನಿಗೆ ತಲುಪುವುದು ಭಯ, ಅರ್ಥವಲ್ಲ.

ಹಾಗೆಂದು ಫಲಿತಾಂಶ ಹಗುರವಾಗುವುದಿಲ್ಲ. ಬೇರೆ ಅಳತೆಗೋಲು ಹಿಡಿದರೂ ಅದು ಭಾರವಾಗಿಯೇ ತೂಗುತ್ತದೆ. ಐರೋಪ್ಯ ಒಕ್ಕೂಟದ ವಾರ್ಷಿಕ ಗುರಿಮೌಲ್ಯ ಕ್ಯಾಡ್ಮಿಯಂಗೆ 5, ಆರ್ಸೆನಿಕ್‌ಗೆ 6 ನ್ಯಾನೊಗ್ರಾಂ. ಆ ಲೆಕ್ಕದಲ್ಲಿ ಎರಡೂ ಐದು ಪಟ್ಟಿಗಿಂತ ಮೇಲೆ. ಅಮೆರಿಕದ ವಿಷವಸ್ತುಗಳ ಸಂಸ್ಥೆ ಅಲ್ಪಾವಧಿಯ ಸೇವನೆಗೆ ಕ್ಯಾಡ್ಮಿಯಂಗೆ ಕೊಟ್ಟಿರುವ ಕನಿಷ್ಠ ಅಪಾಯದ ಮಟ್ಟ, ಅಂದರೆ ಅಷ್ಟರೊಳಗಿದ್ದರೆ ಹಾನಿ ನಿರೀಕ್ಷಿಸದ ಮಟ್ಟ, 30 ನ್ಯಾನೊಗ್ರಾಂ. ಇಡೀ ತಿಂಗಳ ಸರಾಸರಿಯೇ 29.4 ಆಗಿದ್ದಾಗ, ಕ್ಯಾಡ್ಮಿಯಂ ಬಳಸದ ದಿನಗಳೂ ಆ ಸರಾಸರಿಯಲ್ಲಿ ಸೇರಿರುವಾಗ, ಬಳಸಿದ ದಿನಗಳಲ್ಲಿ ಕೆಲವಾದರೂ ಆ ಮಟ್ಟವನ್ನು ದಾಟಿರಲೇಬೇಕು. ಸಂಶೋಧಕರು ಅಲ್ಪಾವಧಿಯ ಸೇವನೆಯೂ ಅಪಾಯಕಾರಿ ಎಂದು ಬರೆದಿದ್ದಕ್ಕೆ ಇದೇ ಹಿನ್ನೆಲೆ. ನನ್ನ ದೃಷ್ಟಿಯಲ್ಲಿ ಮೊದಲ ದಿನದ ಪ್ರಕಟಣೆಯಲ್ಲಿ 49 ಪಟ್ಟಿಗಿಂತ ಈ 30ರ ಹೋಲಿಕೆ ಮುಂದೆ ಇರಬೇಕಿತ್ತು, ಏಕೆಂದರೆ ಅದು ಕಾಲಾವಧಿಯಲ್ಲಿ ಹೆಚ್ಚು ಹತ್ತಿರವಿರುವ ಎರಡು ಅಂಕಿಗಳನ್ನು ಹೋಲಿಸುತ್ತದೆ. ಮುಂದೆ ಅಧಿಕಾರಿಗಳು 24 ಗಂಟೆಯ ಫಲಿತಾಂಶಗಳನ್ನು ಅಳೆಯಲು ಪ್ರತ್ಯೇಕ 24 ಗಂಟೆಯ ಮಟ್ಟಗಳನ್ನು ನಿಗದಿಪಡಿಸಿದರು, ಅದು ಸರಿಯಾದ ನಡೆ.

ಅಕ್ಟೋಬರ್‌ನ ಮಾಪನ ಜನರಿಗೆ ತಿಳಿದದ್ದು ಫೆಬ್ರವರಿಯಲ್ಲಿ. ಪ್ರಯೋಗಾಲಯದ ಸರದಿ, ಫಲಿತಾಂಶದ ಪರಿಶೀಲನೆ ಇವುಗಳಿಗೆ ಕಾಲ ಹಿಡಿಯುವುದು ನಿಜ. ಆದರೆ ಯಾವ ಸಂಖ್ಯೆ ಬಂದರೆ ಪೂರ್ಣ ಪರಿಶೀಲನೆಗೆ ಕಾಯದೆ ಯಾರಿಗೆ ತಿಳಿಸಬೇಕು ಎಂಬುದನ್ನು ಯಂತ್ರ ನೆಡುವ ಮೊದಲೇ ಬರೆದಿಟ್ಟಿದ್ದರೆ ಆ ತಿಂಗಳುಗಳು ಬೇರೆ ರೀತಿ ಕಳೆಯುತ್ತಿದ್ದವು. ಇಂದು ಯಾವ ಮಾಪನ ಯೋಜನೆಯನ್ನು ಪರಿಶೀಲಿಸಲು ಕೊಟ್ಟರೂ ಮೊದಲು ನೋಡಬೇಕಾದ ಪುಟ ಅದೇ, ಮತ್ತು ಹೆಚ್ಚಿನ ಯೋಜನೆಗಳಲ್ಲಿ ಆ ಪುಟ ಇರುವುದಿಲ್ಲ.

ಸುದ್ದಿ ಹೊರಬಿದ್ದ ನಂತರ ಎರಡೂ ಕಾರ್ಖಾನೆಗಳು ಸ್ವಇಚ್ಛೆಯಿಂದ ಕ್ಯಾಡ್ಮಿಯಂ ಬಳಕೆ ನಿಲ್ಲಿಸಿದವು. ಮಾಸಿಕ ಸರಾಸರಿ ಒಂದರ ಬಳಿ 1.1, ಇನ್ನೊಂದರ ಬಳಿ 0.67 ನ್ಯಾನೊಗ್ರಾಂಗೆ ಇಳಿಯಿತು. ಮೂಲದ ಬಗ್ಗೆ ಉಳಿದಿದ್ದ ಸಂಶಯವನ್ನು ಈ ಇಳಿಕೆ ಯಾವ ಮಾಡೆಲ್‌ಗಿಂತಲೂ ಚೆನ್ನಾಗಿ ತೀರಿಸಿತು. ಮೂಲವನ್ನು ನಿಲ್ಲಿಸಿ, ಅದರ ಬಳಿಯೇ ಮತ್ತೆ ಅಳೆಯುವ ಅವಕಾಶ ಈ ವೃತ್ತಿಯಲ್ಲಿ ಅಪರೂಪಕ್ಕೆ ಸಿಗುತ್ತದೆ. ಕ್ರಮ ಕೈಗೊಂಡ ಕೂಡಲೇ ಮಾಪನವನ್ನು ನಿಲ್ಲಿಸುವ ಆತುರ ತೋರಿದ್ದರೆ ಅದೂ ಕೈತಪ್ಪುತ್ತಿತ್ತು. ಮಾಪನ ಮುಂದುವರಿದಿದ್ದರ ಇನ್ನೊಂದು ಫಲವೂ ಇದೆ: 2016ರ ಮೇ ತಿಂಗಳಲ್ಲಿ ದೊಡ್ಡ ಕಾರ್ಖಾನೆಯ ಬಳಿ ಸೀಸದ ಮಟ್ಟ ಏರಿದ್ದು ಕಂಡು, ಶೋಧಕವಿಲ್ಲದ ಕುಲುಮೆಗಳಲ್ಲಿ ಹಲವು ಲೋಹಗಳ ಬಳಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಆದೇಶವನ್ನು ರಾಜ್ಯವು ಹೊರಡಿಸಿತು. ಬಳಿಕ ಕುಲುಮೆಗಳಿಗೆ ಬಟ್ಟೆಚೀಲದ ಶೋಧಕಗಳು ಬಂದವು.

ಸುತ್ತಲಿನ ಅರ್ಧ ಮೈಲಿಯೊಳಗಿನ ಜನ ಕೈತೋಟದ ತರಕಾರಿ ತಿನ್ನಬಾರದು ಎಂದು ಆರೋಗ್ಯ ಅಧಿಕಾರಿಗಳು ಮೊದಲು ಸಲಹೆ ಕೊಟ್ಟಿದ್ದರು. ಮಣ್ಣಿನ ಪರೀಕ್ಷೆಯಲ್ಲಿ ಲೋಹಗಳು ಸಾಮಾನ್ಯ ಮಟ್ಟದ ಆಸುಪಾಸಿನಲ್ಲೇ ಇವೆ ಎಂದು ತಿಳಿದ ಮೇಲೆ ಅದನ್ನು ಹಿಂತೆಗೆದುಕೊಂಡರು. ಮೂತ್ರದಲ್ಲಿ ಕ್ಯಾಡ್ಮಿಯಂ ಪರೀಕ್ಷಿಸಿಕೊಳ್ಳಲು ಅನೇಕರು ಮುಂದೆ ಬಂದರು. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ದಶಕಗಟ್ಟಲೆ ಉಳಿಯುವುದರಿಂದ ಆ ಪರೀಕ್ಷೆ ಧೂಮಪಾನ, ಆಹಾರ ಎಲ್ಲವನ್ನೂ ಸೇರಿಸಿ ಹೇಳುತ್ತದೆ. ಗಾಳಿಯ ಪಾಲನ್ನು ಅದರಿಂದ ಬಿಡಿಸುವುದು ಕಷ್ಟ.

2016ರ ಏಪ್ರಿಲ್‌ನಲ್ಲಿ ಆಗಿನ ರಾಜ್ಯಪಾಲೆ ಕೇಟ್ ಬ್ರೌನ್ ಅವರ ಸೂಚನೆಯಂತೆ ಆರಂಭವಾದ ಸುಧಾರಣೆ 2018ರ ನವೆಂಬರ್‌ನಲ್ಲಿ ನಿಯಮವಾಗಿ ಜಾರಿಗೆ ಬಂತು. 600ಕ್ಕೂ ಹೆಚ್ಚು ವಿಷವಸ್ತುಗಳ ಹೊರಸೂಸುವಿಕೆಯನ್ನು ಕಾರ್ಖಾನೆಗಳು ತಾವಾಗಿ ವರದಿ ಮಾಡಬೇಕು, ನೆರೆಹೊರೆಯವರಿಗೆ ಆಗುವ ಒಟ್ಟು ಅಪಾಯವನ್ನು ಲೆಕ್ಕ ಹಾಕಬೇಕು. ಹಳೆಯ ಕಾರ್ಖಾನೆಗಳು ಕ್ರಮಕ್ಕೆ ಒಳಪಡುವ ಮಟ್ಟ ಹತ್ತು ಲಕ್ಷ ಜನರಿಗೆ 50 ಹೆಚ್ಚುವರಿ ಕ್ಯಾನ್ಸರ್, ಹೊಸವುಗಳಿಗೆ 10. ಅಕ್ಟೋಬರ್‌ನ ಅಂಕಿಗಳನ್ನು ಈ ತಕ್ಕಡಿಗೆ ಹಾಕಿ ನೋಡಿದರೆ, ಆ ಮಟ್ಟವೇ ಜೀವಮಾನವಿಡೀ ಮುಂದುವರಿಯಿತೆಂದುಕೊಂಡರೆ, ಕ್ಯಾಡ್ಮಿಯಂ ಒಂದರಿಂದ ಬರುವ ಅಪಾಯ ಹತ್ತು ಲಕ್ಷಕ್ಕೆ 49 ಆಗುತ್ತದೆ, ಮಿತಿಯ ಒಳಗೇ ಉಳಿಯುತ್ತದೆ. ಆರ್ಸೆನಿಕ್ ಕೂಡಿಸಿದಾಗ ಅದು 208ರ ಹತ್ತಿರ ಹೋಗುತ್ತದೆ. ಹೊಸ ನಿಯಮ ಲೋಹವನ್ನು ಒಂದೊಂದಾಗಿ ನೋಡದೆ ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಬೇಕೆಂದು ಕೇಳುವುದರಿಂದ, ಇಂಥ ಕುಲುಮೆ ಇನ್ನು ಪಟ್ಟಿಯ ಹೊರಗೆ ಉಳಿಯಲಾರದು.